ಬಾಲು ಒಬ್ಬನ ಕೈಯಲ್ಲಿ, ಉಳಿದ ನಾಲ್ವರು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಬಾಸ್ಕೆಟ್‌ಬಾಲ್ ನೋಡುವಾಗ ನಮ್ಮ ಕಣ್ಣು ಎಲ್ಲಿರುತ್ತದೆ? ಬಾಲಿನ ಮೇಲೆ, ಅಲ್ವಾ? ಬಾಲು ಯಾರ ಕೈಯಲ್ಲಿದೆಯೋ ಅವನನ್ನೇ ನೋಡುತ್ತಿರುತ್ತೇವೆ. ತಪ್ಪೇನಿಲ್ಲ. ಆದರೆ ಅವನ ಜೊತೆ ಅವನದೇ ತಂಡದವರು ಇನ್ನೂ ನಾಲ್ಕು ಜನ ಅಂಗಳದಲ್ಲಿ ಇರುತ್ತಾರೆ. ಆ ಹೊತ್ತಿನಲ್ಲಿ ಅವರೇನು ಮಾಡುತ್ತಿರುತ್ತಾರೆ? ಇವತ್ತು ನನಗೆ ಮಾತಾಡಬೇಕು ಅನ್ನಿಸಿರುವುದು ಆ ನಾಲ್ಕು ಜನರ ಬಗ್ಗೆ.

ನಾನೂ ಕಾಲೇಜಿನಲ್ಲಿ ಸ್ವಲ್ಪ ದಿನ ಆಡಿದವನು. ಸಿಮೆಂಟಿನ ಕೋರ್ಟು, ಬಲೆ ಇಲ್ಲದ ರಿಂಗು. ಬಾಲು ಒಳಗೆ ಬಿತ್ತೋ ಇಲ್ಲವೋ ಅಂತಲೇ ಜಗಳ. ನಮ್ಮಲ್ಲಿ ಒಬ್ಬ ತುಂಬ ಚೆನ್ನಾಗಿ ಆಡುತ್ತಿದ್ದ. ನಾವು ಮಿಕ್ಕವರು ಅವನಿಗೆ ಬಾಲು ಕೊಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತುಬಿಡುತ್ತಿದ್ದೆವು. ಅವನು ಹಾಕಿದರೆ ಚಪ್ಪಾಳೆ, ಹಾಕದಿದ್ದರೆ ಬೈಗುಳ. ಪಿ.ಟಿ. ಮೇಷ್ಟ್ರು ಪಕ್ಕದಿಂದ ಕೂಗುತ್ತಿದ್ದರು, ‘ಲೋ, ನೀವೇನು ಟಿಕೆಟ್ ತಗೊಂಡು ಬಂದಿದ್ದೀರೇನೋ?’ ಆ ಮಾತಿನ ಅರ್ಥ ನನಗೆ ಆಗಿದ್ದು ಎಷ್ಟೋ ವರ್ಷದ ಮೇಲೆ, ಅಮೆರಿಕದ ಕಾಲೇಜು ಪಂದ್ಯಗಳನ್ನು ನೋಡುತ್ತಾ.

ಅಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ಸಣ್ಣ ವಿಷಯ ಅಲ್ಲ. ನಿಮ್ಮ ಮನೆಯ ಮಕ್ಕಳು ಯಾರಾದರೂ ಅಲ್ಲಿ ಓದುತ್ತಿದ್ದರೆ ಕೇಳಿ ನೋಡಿ. ಮಾರ್ಚ್ ತಿಂಗಳು ಬಂತೆಂದರೆ ಇಡೀ ಕ್ಯಾಂಪಸ್ಸಿಗೆ ಜ್ವರ. 68 ತಂಡಗಳ ದೊಡ್ಡ ಟೂರ್ನಿ, ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು.

2015ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ತಂಡ ಹೇಗಿತ್ತು ಅಂದರೆ, ಕೋಚ್ ಜಾನ್ ಕ್ಯಾಲಿಪಾರಿಗೆ ಯಾರನ್ನು ಆಡಿಸಬೇಕು ಅನ್ನೋದಕ್ಕಿಂತ ಯಾರನ್ನು ಕೂರಿಸಬೇಕು ಅನ್ನೋದೇ ತಲೆನೋವು. ಸೀಸನ್ನಿನ ಶುರುವಿನಲ್ಲಿ ಅವರು ಐದೈದು ಜನರನ್ನು ಒಟ್ಟಿಗೆ ಬದಲಾಯಿಸುತ್ತಿದ್ದರು. ಐದು ಜನ ಹೊರಗೆ, ಐದು ಜನ ಒಳಗೆ, ಪಾಳಿ ಬದಲಾದ ಹಾಗೆ. ಎರಡನೇ ಪಾಳಿಯವರೂ ಬೇರೆ ಯಾವ ಕಾಲೇಜಿಗೆ ಹೋಗಿದ್ದರೂ ಅಲ್ಲಿನ ಹೀರೋಗಳೇ. ಡೆವಿನ್ ಬುಕರ್ ಹೆಸರು ನೀವು ಕೇಳಿರಬಹುದು. ಮುಂದೆ, 2017ರಲ್ಲಿ, ಎನ್‌ಬಿಎಯ ಅಂದರೆ ಅಮೆರಿಕದ ವೃತ್ತಿಪರ ಲೀಗಿನ, ಒಂದೇ ಪಂದ್ಯದಲ್ಲಿ 70 ಅಂಕ ಹೊಡೆದವನು. ಕೆಂಟಕಿಯಲ್ಲಿ ಅವನು ಒಂದೇ ಒಂದು ಪಂದ್ಯದಲ್ಲೂ ಮೊದಲ ಐದರಲ್ಲಿ ಇರಲಿಲ್ಲ. ಬೆಂಚಿನಿಂದ ಎದ್ದು ಬರುತ್ತಿದ್ದ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2015ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಕಾರ್ಲ್ ಆಂಥನಿ ಟೌನ್ಸ್ ಇದೇ ತಂಡದವನು. ಒಟ್ಟು ಆರು ಜನ ಆ ಡ್ರಾಫ್ಟಿನಲ್ಲಿ ಆಯ್ಕೆಯಾದರು.

38 ಪಂದ್ಯ, 38 ಗೆಲುವು. ಹೀಗೆ ಬಂದು ನಿಂತರು ಕೊನೆಯ ನಾಲ್ಕರ ಹಂತಕ್ಕೆ. 1976ರಲ್ಲಿ ಇಂಡಿಯಾನಾ ಒಂದೂ ಸೋಲದೆ ಚಾಂಪಿಯನ್ ಆದ ಮೇಲೆ ಯಾರಿಗೂ ಅದು ಆಗಿರಲಿಲ್ಲ. ಇನ್ನೆರಡು ಗೆದ್ದರೆ ಮುಗೀತು.

ಎದುರಿಗೆ ಬಂದದ್ದು ವಿಸ್ಕಾನ್ಸಿನ್. ಕೋಚ್ ಬೋ ರಯನ್. ಇವರು ಬಹಳ ವರ್ಷ ಪ್ಲಾಟ್‌ವಿಲ್ ಅನ್ನೋ ಊರಿನ ಸಣ್ಣ ಕಾಲೇಜಿನಲ್ಲಿ ಕಲಿಸಿ ಮೇಲೆ ಬಂದವರು. ಅವರ ಆಟದ ಪದ್ಧತಿಗೆ ‘ಸ್ವಿಂಗ್’ ಅಂತ ಹೆಸರು. ಅದರ ಕಟ್ಟುಪಾಡು ಸರಳ. ಯಾರೂ ಒಂದೇ ಜಾಗಕ್ಕೆ ಅಂಟಿಕೊಳ್ಳುವ ಹಾಗಿಲ್ಲ. ಏಳಡಿ ಎತ್ತರದವನೂ ಹೊರಗೆ ಬಂದು ದೂರದಿಂದ ಹೊಡೆಯೋದನ್ನು ಕಲಿಯಬೇಕು. ಹೊರಗಿನಿಂದ ಬಾಲು ಆಡಿಸುವ ಕುಳ್ಳ ಗಾರ್ಡೂ ರಿಂಗಿನ ಕೆಳಗೆ ಬೆನ್ನು ಕೊಟ್ಟು ಆಡೋದನ್ನು ಕಲಿಯಬೇಕು. ಇಂಥ ಆಟ ಒಂದು ವರ್ಷದಲ್ಲಿ ಮೈಗೆ ಹತ್ತುವುದಿಲ್ಲ. ಅವರ ತಂಡದ ಏಳಡಿಯ ಫ್ರಾಂಕ್ ಕಮಿನ್ಸ್ಕಿಯನ್ನೇ ನೋಡಿ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ ಎರಡು ಅಂಕವೂ ಇಲ್ಲ. ನಾಲ್ಕನೇ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲೇ ಉತ್ತಮ ಆಟಗಾರ. ಕೆಂಟಕಿಯ ಘಟಾನುಘಟಿಗಳಲ್ಲಿ ಹಲವರು ಒಂದು ವರ್ಷ ಇದ್ದು ಎನ್‌ಬಿಎಗೆ ಹಾರುವವರು. ಜೊತೆಗೆ ಸೀಸನ್ನಿನಲ್ಲಿ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಬೇರೆ ಇದೆ. ಇಷ್ಟರಲ್ಲಿ ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದೋದು ಹೇಗೆ?

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕೆಂಟಕಿಯವರಿಗೆ ಬರೀ ಟ್ಯಾಲೆಂಟು ಇತ್ತು, ಆಟ ಕಟ್ಟೋದಕ್ಕೆ ಬರುತ್ತಿರಲಿಲ್ಲ ಅಂತ ಬಹಳ ಜನ ಹೇಳುತ್ತಾರೆ. ಅದು ಅನ್ಯಾಯದ ಮಾತು. ಸರಿಯಾಗಿ ಒಂದು ವಾರದ ಹಿಂದೆ ನೋಟರ್ ಡೇಮ್ ವಿರುದ್ಧ ಅವರು ಸೋಲಿನ ಬಾಯಿಗೆ ಹೋಗಿ ಬಂದಿದ್ದರು. ಆ ಪಂದ್ಯದಲ್ಲಿ ಅವರ ಕೊನೆಯ ಒಂಬತ್ತು ಹೊಡೆತಗಳಲ್ಲಿ ಒಂಬತ್ತೂ ಒಳಗೆ ಬಿದ್ದವು. 68–66ರಲ್ಲಿ ಗೆದ್ದರು. ಟೌನ್ಸ್ ಒಬ್ಬನೇ 25 ಅಂಕ. ಅಂದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು.

ಅದಕ್ಕೇ ಏಪ್ರಿಲ್ 4ರ ರಾತ್ರಿ ನಡೆದದ್ದು ನನಗೆ ಇವತ್ತಿಗೂ ವಿಚಿತ್ರ ಅನ್ನಿಸುತ್ತದೆ. ಇಂಡಿಯಾನಾಪೊಲಿಸ್, 70 ಸಾವಿರಕ್ಕೂ ಹೆಚ್ಚು ಜನ. ಅರ್ಧ ಆಟಕ್ಕೆ 36–36. ಕೊನೆಯ ಆರೇಳು ನಿಮಿಷ ಇರುವಾಗ ಕೆಂಟಕಿ 60–56ರಲ್ಲಿ ಮುಂದೆ. ಗೆದ್ದಂತೆಯೇ. ಆಮೇಲೆ ಏನಾಯಿತೋ, ಬಾಲು ನಿಧಾನವಾಯಿತು. ಆಗ ಕಾಲೇಜು ಆಟದಲ್ಲಿ ಒಂದು ಸರದಿಗೆ 35 ಸೆಕೆಂಡ್ ಗಡುವು. ಅಷ್ಟರೊಳಗೆ ಹೊಡೆಯದಿದ್ದರೆ ಬಾಲು ಎದುರಾಳಿಗೆ. ಕೆಂಟಕಿಯ ಗಾರ್ಡುಗಳು ಹೊರಗೆ ನಿಂತು ಬಾಲು ಕುಟ್ಟುತ್ತಾ ಹೋದರು. ಗಡಿಯಾರ ಇಳಿಯುತ್ತಾ ಹೋಯಿತು. ಪೀಂ ಅಂತ ಸದ್ದು. ಮತ್ತೆ ಬಾಲು ಬಂತು, ಮತ್ತೆ ಕುಟ್ಟಿದರು, ಮತ್ತೆ ಪೀಂ. ಮೂರನೇ ಸಲವೂ ಅದೇ. ದೇಶದ ಅತಿ ದೊಡ್ಡ ಪ್ರತಿಭಾವಂತರ ತಂಡ ಸತತ ಮೂರು ಸರದಿ ಗಡುವು ಮೀರಿ ಬಾಲು ಬಿಟ್ಟುಕೊಟ್ಟಿತು.

ಒಳಗೆ ಟೌನ್ಸ್ ಇದ್ದ. ಅವನಿಗೆ ಬಾಲು ಕೊಡಲಿಲ್ಲವಲ್ಲಾ ಅಂತ ಕೆಂಟಕಿಯ ಅಭಿಮಾನಿಗಳು ಈಗಲೂ ಗೊಣಗುತ್ತಾರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ವಿಸ್ಕಾನ್ಸಿನ್ ಸಮ ಮಾಡಿಕೊಂಡಿತು. ನಿಜ ಹೇಳಬೇಕೆಂದರೆ ಆ ಸಮ ಮಾಡಿದ ಬುಟ್ಟಿಯೂ ಗಡುವು ಮುಗಿದ ಮೇಲೆ ಹಾಕಿದ್ದು. ರೆಫರಿಗಳ ಕಣ್ಣಿಗೆ ಬೀಳಲಿಲ್ಲ. ಅದೃಷ್ಟ ಅನ್ನೋದೂ ಒಂದು ಇರುತ್ತದಲ್ಲ! ಆಮೇಲೆ ಸ್ಯಾಮ್ ಡೆಕರ್ ಒಂದು ಹೆಜ್ಜೆ ಹಿಂದೆ ಸರಿದು ಹೊಡೆದ ಮೂರು ಅಂಕ. ಕೊನೆಗೆ 71–64. ಕೆಂಟಕಿ 38 ಗೆದ್ದು ಒಂದು ಸೋತಿತು. ಅದೊಂದೇ ಎಲ್ಲರಿಗೂ ನೆನಪಿರೋದು.

ಹಾಗಾದರೆ ಒಗ್ಗಟ್ಟಿನ ಆಟ ಟ್ಯಾಲೆಂಟನ್ನು ಸೋಲಿಸಿತು ಅಂತ ಕಥೆ ಮುಗಿಸೋಣವೇ? ಆಗುವುದಿಲ್ಲ. ಎರಡು ದಿನ ಬಿಟ್ಟು ಫೈನಲ್ಲಿನಲ್ಲಿ ಇದೇ ವಿಸ್ಕಾನ್ಸಿನ್ ಒಂಬತ್ತು ಅಂಕ ಮುಂದಿದ್ದದ್ದು ಡ್ಯೂಕ್ ಎದುರು 68–63ರಲ್ಲಿ ಸೋತಿತು. ಸೋಲಿಸಿದವರು ಯಾರು? ಮೊದಲ ವರ್ಷದ ಹುಡುಗರು. ಟೈಯಸ್ ಜೋನ್ಸ್ 23 ಅಂಕ, ಬೆಂಚಿನಿಂದ ಬಂದ ಗ್ರೇಸನ್ ಆಲನ್ 16. ಟ್ಯಾಲೆಂಟಿಗೆ ಟ್ಯಾಲೆಂಟೂ ಇತ್ತು, ಬಾಲು ಯಾರ ಕೈಗೆ ಹೋಗಬೇಕೋ ಅವರ ಕೈಗೇ ಹೋಯಿತು ಕೂಡ. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವುದೇ ತಪ್ಪೇನೋ ಅಂತ ನನಗೆ ಅನುಮಾನ.

ಆ ಅನುಮಾನ ಹುಟ್ಟಿಸಿದ್ದು ಇನ್ನೊಂದು ಹಳೆಯ ಪಂದ್ಯ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಇನ್ನೂ ಚೆನ್ನ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ. ಓದಿಗೆ ಹೆಸರಾದ ಜಾಗ. ಆಟ ಚೆನ್ನಾಗಿ ಆಡುತ್ತಾನೆ ಅಂತ ಅಲ್ಲಿ ಸ್ಕಾಲರ್‌ಶಿಪ್ ಕೊಡುವ ಪದ್ಧತಿಯೇ ಇಲ್ಲ. ಅಂದಮೇಲೆ ಒಳ್ಳೊಳ್ಳೆ ಆಟಗಾರರು ಬೇರೆ ಕಡೆ ಹೋಗುತ್ತಿದ್ದರು. ಅಲ್ಲಿ 29 ವರ್ಷ ಕೋಚ್ ಆಗಿದ್ದವರು ಪೀಟ್ ಕ್ಯಾರಿಲ್. ಕುಳ್ಳ ಮನುಷ್ಯ, ಉಕ್ಕಿನ ಕಾರ್ಖಾನೆಯ ಕಾರ್ಮಿಕನ ಮಗ. ಎತ್ತರ ಇಲ್ಲ, ವೇಗ ಇಲ್ಲ, ಹಾರೋದಕ್ಕೂ ಬರೋದಿಲ್ಲ, ಇಂಥ ಹುಡುಗರನ್ನು ಇಟ್ಟುಕೊಂಡು ಅವರು ಒಂದು ಆಟ ಕಟ್ಟಿದರು. ಈಗ ಅದನ್ನು ‘ಪ್ರಿನ್ಸ್‌ಟನ್ ಅಫೆನ್ಸ್’ ಅಂತಲೇ ಕರೆಯುತ್ತಾರೆ.

ಎತ್ತರದ ಸೆಂಟರ್ ಆಟಗಾರನನ್ನು ಎಲ್ಲರೂ ರಿಂಗಿನ ಕೆಳಗೆ ನಿಲ್ಲಿಸುತ್ತಾರೆ. ಕ್ಯಾರಿಲ್ ಅವನನ್ನು ರಿಂಗಿನಿಂದ ದೂರಕ್ಕೆ, ಫ್ರೀ ಥ್ರೋ ಗೆರೆಯ ಹತ್ತಿರಕ್ಕೆ ಎಳೆದರು. ಅವನು ಬಂದರೆ ಅವನನ್ನು ಕಾಯುವವನೂ ಬರಲೇಬೇಕು. ರಿಂಗಿನ ಕೆಳಗೆ ಈಗ ಯಾರೂ ಇಲ್ಲ, ಖಾಲಿ. ಮಿಕ್ಕ ನಾಲ್ವರು ಸುತ್ತ ಹರಡಿಕೊಂಡು ಬಾಲು ಆಡಿಸುತ್ತಾರೆ. ಅಲ್ಲಿಗೆ, ಇಲ್ಲಿಗೆ, ಮತ್ತೆ ಅಲ್ಲಿಗೆ. ನೋಡುವವರಿಗೆ ಬೇಜಾರು. ಕಾಯುವವರಿಗೆ ಇನ್ನೂ ಬೇಜಾರು. ಬೇಜಾರಾದವನು ಏನು ಮಾಡುತ್ತಾನೆ? ಪಾಸನ್ನು ನಡುವೆ ಕಸಿಯೋಣ ಅಂತ ಒಂದು ಹೆಜ್ಜೆ ಮುಂದಕ್ಕೆ ಇಡುತ್ತಾನೆ. ಅಷ್ಟೇ ಬೇಕಾದದ್ದು. ಅವನ ಬೆನ್ನ ಹಿಂದಿನಿಂದ ಹುಡುಗ ರಿಂಗಿನ ಕಡೆ ನುಗ್ಗುತ್ತಾನೆ. ಇದಕ್ಕೆ ಬ್ಯಾಕ್‌ಡೋರ್ ಅನ್ನುತ್ತಾರೆ, ಹಿತ್ತಿಲ ಬಾಗಿಲು.

ಈ ಆಟದಲ್ಲಿ ಯಾರೂ ಕೋಚ್ ಹೇಳಿದ ನಕ್ಷೆಯನ್ನು ಬಾಯಿಪಾಠ ಒಪ್ಪಿಸುವುದಿಲ್ಲ. ಎದುರಿಗಿರುವವನ ಕಾಲು ಎಲ್ಲಿದೆ ಅಂತ ಐದೂ ಜನ ಒಟ್ಟಿಗೆ ಓದುತ್ತಿರುತ್ತಾರೆ. ಇದೂ ಟ್ಯಾಲೆಂಟೇ ಅಲ್ವಾ? ಎಷ್ಟು ಎತ್ತರ ಹಾರಿದ ಅಂತ ಅಳೆಯಬಹುದು, ಇದನ್ನು ಅಳೆಯುವ ಟೇಪು ಇಲ್ಲ ಅಷ್ಟೇ.

1996ರ ಮಾರ್ಚ್ 14, ಅದೇ ಮಾರ್ಚ್ ಟೂರ್ನಿ. ಎದುರಿಗೆ ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಹಿಂದಿನ ವರ್ಷದ ಚಾಂಪಿಯನ್. ನಿವೃತ್ತಿ ಆಗುತ್ತಿದ್ದೇನೆ, ನನಗೆ ತುಂಬ ಖುಷಿಯಾಗಿದೆ ಅಂತ ಕೆಲವು ದಿನದ ಹಿಂದಷ್ಟೇ ಕ್ಯಾರಿಲ್ ಕಪ್ಪು ಹಲಗೆಯ ಮೇಲೆ ಬರೆದು ಹುಡುಗರಿಗೆ ತಿಳಿಸಿದ್ದರು. ಕೊನೆಯ ಆರು ನಿಮಿಷ ಇರುವಾಗ ಪ್ರಿನ್ಸ್‌ಟನ್ 34, ಯುಸಿಎಲ್‌ಎ 41. ಅಲ್ಲಿಂದಾಚೆಗೆ ಯುಸಿಎಲ್‌ಎಗೆ ಒಂದು ಅಂಕವೂ ಸಿಗಲಿಲ್ಲ. 41–41 ಆಯಿತು. ಬಾಲು ಪ್ರಿನ್ಸ್‌ಟನ್ ಕೈಯಲ್ಲಿ.

ಸೆಂಟರ್ ಸ್ಟೀವ್ ಗುಡ್‌ರಿಚ್ ಫ್ರೀ ಥ್ರೋ ಗೆರೆಯ ಹತ್ತಿರ ನಿಂತು ಬಾಲು ಹಿಡಿದಿದ್ದಾನೆ. ಮೊದಲ ವರ್ಷದ ಹುಡುಗ ಗೇಬ್ ಲೆವುಲ್ಲಿಸ್ ಹಿತ್ತಿಲ ಬಾಗಿಲಿಗೆ ನುಗ್ಗಿದ. ಎದುರಾಳಿ ಬಿಡಲಿಲ್ಲ, ಅಂಟಿಕೊಂಡೇ ಬಂದ. ಪಾಸು ಬರಲಿಲ್ಲ. ನಾನಾಗಿದ್ದರೆ ಅಲ್ಲೇ ರಿಂಗಿನ ಕೆಳಗೆ ಕೈ ಎತ್ತಿಕೊಂಡು ‘ಕೊಡೋ, ಕೊಡೋ’ ಅಂತ ನಿಂತಿರುತ್ತಿದ್ದೆ. ಅವನು ನಿಲ್ಲಲಿಲ್ಲ. ವಾಪಸ್ ಹೊರಗೆ ಓಡಿದ. ಎದುರಾಳಿ ಅವನ ಹಿಂದೆ ಹೊರಗೆ ಬಂದ, ಒಂದು ಹೆಜ್ಜೆ ಜಾಸ್ತಿಯೇ ಬಂದ. ಲೆವುಲ್ಲಿಸ್ ತಿರುಗಿ ಮತ್ತೆ ನುಗ್ಗಿದ. ಗುಡ್‌ರಿಚ್ ಬಾಲನ್ನು ನೆಲಕ್ಕೆ ಒಂದು ಪುಟ ಹೊಡೆಸಿ ಕಳಿಸಿದ. ಬೋರ್ಡಿಗೆ ತಾಗಿ ಒಳಗೆ. 3.9 ಸೆಕೆಂಡ್ ಬಾಕಿ. ಯುಸಿಎಲ್‌ಎಯ ಕೊನೆಯ ಹೊಡೆತ ತಪ್ಪಿತು. 43–41.

ಎದುರಾಳಿಗೆ ಗೊತ್ತಿರಲಿಲ್ಲವೇ? ಪ್ರಿನ್ಸ್‌ಟನ್ ಏನು ಮಾಡುತ್ತದೆ ಅಂತ ದೇಶಕ್ಕೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಹೆಜ್ಜೆ ಇಟ್ಟ.

ಇದಾದ ಮೇಲೆ ಕ್ಯಾರಿಲ್ ಎನ್‌ಬಿಎಗೆ ಹೋದರು, ಸ್ಯಾಕ್ರಮೆಂಟೊ ಕಿಂಗ್ಸ್‌ನಲ್ಲಿ ಸಹಾಯಕ ಕೋಚ್ ಆಗಿ. ಅಲ್ಲಿ ಅವರಿಗೆ ವ್ಲಾಡೆ ಡಿವಾಟ್ಸ್, ಕ್ರಿಸ್ ವೆಬರ್ ಥರದ ದೈತ್ಯರು ಸಿಕ್ಕರು. ಎತ್ತರವೂ ಉಂಟು, ಪಾಸು ಕೊಡುವ ಕೈಯೂ ಉಂಟು. 2000ದ ಆಸುಪಾಸಿನ ಆ ತಂಡದ ಆಟವನ್ನು ಹುಡುಕಿ ನೋಡಿ, ಸುಮ್ನೆ ಹತ್ತು ನಿಮಿಷ ಸಾಕು. ಕುಳ್ಳ ಮೇಷ್ಟ್ರು ಬಡ ಹುಡುಗರಿಗೆ ಅಂತ ಹೊಲಿದ ಅಂಗಿ ಶ್ರೀಮಂತರಿಗೂ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ಕಾಣುತ್ತದೆ.

ಅಂದ ಹಾಗೆ, ಆ 1996ರ ಗೆಲುವಿನ ಎರಡು ದಿನಕ್ಕೆ ಪ್ರಿನ್ಸ್‌ಟನ್ ಮಿಸಿಸಿಪಿ ಸ್ಟೇಟ್ ಎದುರು ಆಡಿತು. ಅವರು ಆ ವರ್ಷ ಕೊನೆಯ ನಾಲ್ಕರವರೆಗೂ ಹೋದ ತಂಡ. ಅವತ್ತು ಹಿತ್ತಿಲ ಬಾಗಿಲು ತೆರೆಯಲಿಲ್ಲ. 63–41. ಪ್ರಿನ್ಸ್‌ಟನ್ ಪರವಾಗಿ ಬೆಂಚಿನ ಮೇಲೆ ಕೂತು ಕ್ಯಾರಿಲ್ ನೋಡಿದ ಕೊನೆಯ ಪಂದ್ಯ ಅದು.

ನಮಸ್ಕಾರ.