ಗೋಡೆಗೆ ಸೇರಿಹೋದ ಅಕ್ಕ

ಕೇಳುಗರೇ, ನಮಸ್ಕಾರ.

ಗುರುತೇ ಸಿಗದಿದ್ದರೆ ಅದೆಂಥ ಭಾವಚಿತ್ರ ಎಂದು ಕೇಳುವವರು ನಮ್ಮ ಶಿರಸಿಯಲ್ಲಿಯೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಫ್ರಾನ್ಸಿನ ಎದುವಾರ್ ವುಯ್ಯಾರ್ 1893ರಲ್ಲಿ ಬರೆದ ಒಂದು ಚಿತ್ರದ ಕುರಿತು ಹೇಳುತ್ತೇನೆ. ಅದೀಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಎರಡು ಅಡಿ ಅಗಲವೂ ಇಲ್ಲದ ಪುಟ್ಟ ಚಿತ್ರ.

ಇರುವುದು ಇಬ್ಬರೇ, ಕಲಾವಿದನ ತಾಯಿ ಮತ್ತು ಅಕ್ಕ. ತಾಯಿ ಕಪ್ಪು ಉಡುಪಿನಲ್ಲಿ, ಕೈಗಳನ್ನು ಮೊಣಕಾಲ ಮೇಲೆ ಊರಿ, ಮನೆಯ ಯಜಮಾನಿಯ ಗತ್ತಿನಲ್ಲಿ ಕುಳಿತಿದ್ದಾಳೆ. ಅಷ್ಟಗಲದ ಕಪ್ಪಿನ ನಡುವೆ ಬೆಳಕು ಬಿದ್ದಿರುವುದು ಮುಖ ಮತ್ತು ಕೈಗಳ ಮೇಲೆ ಮಾತ್ರ. ಅಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ. ಅವಳ ಚೌಕುಳಿ ಉಡುಪೂ ಗೋಡೆಗೆ ಅಂಟಿಸಿದ ಚಿತ್ತಾರದ ಕಾಗದವೂ ಎಷ್ಟು ಬೆರೆತಿವೆಯೆಂದರೆ, ಮೈ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹುಡುಕಬೇಕು. ಚೌಕಟ್ಟಿನೊಳಗೆ ಹಿಡಿಸಲೆಂದೇ ಬಾಗಿದ್ದಾಳೋ ಎಂಬಂತೆ ತಲೆ ತಗ್ಗಿಸಿದ್ದಾಳೆ. ಆಕೆಯ ಮದುವೆಯಾದದ್ದೂ ಅದೇ ವರ್ಷ, ತಮ್ಮನ ಚಿತ್ರಕಾರ ಗೆಳೆಯನೊಡನೆ.

ತಾಯಿ ಮನೆಯಲ್ಲಿಯೇ ಹೊಲಿಗೆ ಕೆಲಸ ನಡೆಸುತ್ತಿದ್ದವಳು. ಬಟ್ಟೆಯ ತುಂಡು, ಪಟ್ಟೆ, ಹೂಬಳ್ಳಿಗಳ ನಡುವೆಯೇ ಪಳಗಿದ ಕಣ್ಣು ವುಯ್ಯಾರನದು. ದುಡಿಯುವ ಮನೆಗಳಲ್ಲಿ ಒಬ್ಬರು ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತಾರೆ, ಇನ್ನೊಬ್ಬರು ಗೋಡೆಯ ಕಡೆಗೆ ಸರಿಯುತ್ತಾರೆ. ಅಕ್ಕನ ಮೂಗು ಕಣ್ಣುಗಳನ್ನು ಇದ್ದಂತೆಯೇ ತಿದ್ದಿದ್ದರೆ ಹೋಲಿಕೆ ಸಿಗುತ್ತಿತ್ತು. ಆ ಮನೆಯಲ್ಲಿ ಅವಳಿಗಿದ್ದ ಜಾಗ ಎಷ್ಟು ಎಂಬುದು ತಿಳಿಯುತ್ತಿರಲಿಲ್ಲ. ಅಮೂರ್ತವೆಂದು ನಾವು ದೂರವಿಡುವ ಗುಣ ಇಲ್ಲಿ ಅಕ್ಕನ ಸಂಕಟವನ್ನೇ ಹೇಳುತ್ತಿದೆ ಎಂದು ನಾನು ನಂಬುತ್ತೇನೆ.

ಸಿದ್ದಾಪುರ ಸೀಮೆಯಲ್ಲಿ ದೀವರ ಸಮುದಾಯದ ಹೆಂಗಸರು ಮದುವೆಗೆಂದು ಮನೆಯ ಗೋಡೆಯ ಮೇಲೆ ಬರೆಯುವ ಹಸೆಗೋಡೆ ಚಿತ್ತಾರವನ್ನು ಕಂಡವರಿಗೆ ಇದು ತೀರಾ ಹೊಸತಲ್ಲ. ಕೆಮ್ಮಣ್ಣಿನ ಗೋಡೆ, ಪುಂಡಿನಾರಿನ ಕುಂಚ, ಅಕ್ಕಿಯನ್ನು ಅರೆದು ಮಾಡಿದ ಬಿಳಿ ಬಣ್ಣ. ಅಲ್ಲಿ ಮದುಮಕ್ಕಳು ಗೆರೆ, ತ್ರಿಕೋನಗಳಾಗಿ ನಿಲ್ಲುತ್ತಾರೆ. ಮದುವೆಯ ಮನೆಯಲ್ಲಿ ಇವರು ಯಾರೆಂದು ಯಾರೂ ಕೇಳುವುದಿಲ್ಲ.

ವುಯ್ಯಾರ್ ಮದುವೆಯಾಗಲಿಲ್ಲ. 1928ರಲ್ಲಿ ತಾಯಿ ತೀರಿಕೊಳ್ಳುವವರೆಗೂ ಅವಳ ಜೊತೆಯಲ್ಲಿಯೇ ಇದ್ದ, ಅವಳನ್ನು ಮತ್ತೆ ಮತ್ತೆ ಬರೆದ. ಬದುಕಿನ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಿರಿವಂತರ ಭಾವಚಿತ್ರಗಳು ಅವನ ಕೈಸೇರಿದವು. ಅವುಗಳಲ್ಲಿ ವಾಸ್ತವದ ವಿವರ ಧಾರಾಳವಾಗಿದೆ. ದೀಪ, ಪರದೆ, ಕುರ್ಚಿ ಎಲ್ಲವೂ ಸ್ಪಷ್ಟ. ಎಷ್ಟು ನೋಡಿದರೂ ಅಲ್ಲಿ ಕುಳಿತವರು ನನಗೆ ಅಪರಿಚಿತರೇ. ಈ ಅಕ್ಕನಾದರೋ ಮುಖ ಸರಿಯಾಗಿ ಕಾಣದಿದ್ದರೂ ನನಗೆ ಚೆನ್ನಾಗಿ ಗೊತ್ತು.

ನಮಸ್ಕಾರ.