ಗುಂಟರ್ ಸರಪಳಿಯೂ ಗುಜರಿಯ ಲೆಕ್ಕಯಂತ್ರವೂ

ಕೇಳುಗರಿಗೆ ನಮಸ್ಕಾರ.

ಕುಂಬಳೆಯಿಂದ ಮುಳ್ಳೇರಿಯದವರೆಗೆ, ನಮ್ಮ ಕಾಸರಗೋಡಿನಲ್ಲಿ ಜಾಗದ ಮಾತು ಬಂತೆಂದರೆ ಸೆಂಟ್ಸ್ ಲೆಕ್ಕವೇ; ಎಕರೆಯ ನೂರರಲ್ಲೊಂದು ಪಾಲು ಒಂದು ಸೆಂಟ್. ಈ ಲೆಕ್ಕದ ಹಿಂದೆ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರ ಸುಮಾರಿಗೆ ಬಳಕೆಗೆ ತಂದ ಕಬ್ಬಿಣದ ಸರಪಳಿ ಇದೆ. 66 ಅಡಿ ಉದ್ದ, 100 ಕೊಂಡಿ. ಅರವತ್ತಾರು ಎಂಥ ಲೆಕ್ಕ ಮಾರಾಯ್ರೆ ಎನ್ನಬೇಡಿ. ಹತ್ತು ಚದರ ಸರಪಳಿ ಸೇರಿದರೆ ಸರಿಯಾಗಿ ಒಂದು ಎಕರೆ. 250 ಕೊಂಡಿ ಉದ್ದ, 84 ಕೊಂಡಿ ಅಗಲದ ತೋಟವನ್ನು ಗುಣಿಸಿದರೆ 21,000; ಮೂರು ಸೊನ್ನೆ ಹೊಡೆದುಹಾಕಿ, 21 ಸೆಂಟ್ಸ್. ಸರಪಳಿಯೇ ಅರ್ಧ ಲೆಕ್ಕ ಮಾಡಿ ಕೊಟ್ಟಿತು.

ಇದೇ ಗುಂಟರ್ ಇನ್ನೊಂದು ಕೆಲಸವನ್ನೂ ಮಾಡಿದ. ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ, ಗುಣಾಕಾರವನ್ನು ಬರೀ ಕೂಡಿಸುವ ಲೆಕ್ಕವಾಗಿಸುವ ಲಾಗರಿದಮ್ಮನ್ನು ಒಂದು ಅಳತೆಪಟ್ಟಿಯ ಮೇಲೆ ಗೆರೆಗಳಾಗಿ ಇಳಿಸಿದ. ಅಂಥ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಜಾರಿಸಿದರೆ ಗುಣಾಕಾರ ತಾನಾಗಿ ಬರುತ್ತದೆಂದು ಕೆಲವೇ ವರ್ಷಗಳಲ್ಲಿ ವಿಲಿಯಂ ಆಟ್ರೆಡ್ ತೋರಿಸಿದ. ಅದೇ ಸ್ಲೈಡ್ ರೂಲ್. 1972ರಲ್ಲಿ ಎಚ್‌ಪಿ-35 ಎಂಬ ಅಂಗೈಯಗಲದ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರುವ ತನಕ ಎಂಜಿನಿಯರುಗಳ ಕೈ ಬಿಡಲಿಲ್ಲ ಅದು.

ಹಳೆಯ ಲೆಕ್ಕದ ಉಪಕರಣ ಸಂಗ್ರಹಿಸುವ ಆಸೆಯಿದ್ದವರಿಗೆ ನಾನು ಹೇಳುವುದು ಇಷ್ಟೆ: ಸ್ಲೈಡ್ ರೂಲಿನಿಂದ ಶುರು ಮಾಡಿ, ಉಪಯೋಗಿಸುವುದಕ್ಕೇ ಕೊಳ್ಳಿ. ಸಂಗ್ರಾಹಕರೆಲ್ಲ ಕನಸು ಕಾಣುವುದು ಕುರ್ಟಾದ್ದು. ಕುರ್ಟ್ ಹರ್ಟ್ಸ್‌ಸ್ಟಾರ್ಕ್ ನಾಜಿಗಳ ಬೂಕನ್‌ವಾಲ್ಡ್ ಸೆರೆಶಿಬಿರದಲ್ಲಿದ್ದಾಗಲೇ ನಕ್ಷೆ ಬರೆದ, ಮುಷ್ಟಿಯಲ್ಲಿ ಹಿಡಿಯುವ ಅದ್ಭುತ ಲೆಕ್ಕಯಂತ್ರ ಅದು. ಬೆಲೆ ಕೇಳಿದ ಮೇಲೆ ಮಾತ್ರ ಅಡಿಕೆ ಧಾರಣೆ ಏರಲಿ ಎಂದು ಕಾಯಬೇಕಾದೀತು.

ಗುಜರಿ ಅಂಗಡಿಯಲ್ಲಿ ಸ್ಲೈಡ್ ರೂಲ್ ಸಿಕ್ಕಿದರೆ ಮೊದಲು ನಡುವೆ ಜಾರುವ ಪಟ್ಟಿಯ ಎಡತುದಿಯ 1ನ್ನು ಕೆಳಗಿನ 1ಕ್ಕೆ ಕೂಡಿಸಿ. ಬಲತುದಿಯ ಗೆರೆಗಳೂ ಕೂಡಬೇಕು. ಕೂಡದಿದ್ದರೆ ಪಟ್ಟಿ ಕುಗ್ಗಿದೆ, ಬೇಡ. ಗೆರೆಗಳನ್ನು ಹೊಂದಿಸಿ ಓದಲು ಮೇಲೆ ಜಾರುವ ಗಾಜಿನ ತುಂಡು, ಅಂದರೆ ಕರ್ಸರ್, ಇದೆಯೇ ನೋಡಿ. ಆಮೇಲೆ ಜಾರುವ ಪಟ್ಟಿಯ 1ನ್ನು ಕೆಳಗಿನ 2ರ ಮೇಲಿಟ್ಟು, ಜಾರುವ ಪಟ್ಟಿಯ 3ರ ಅಡಿಗೆ ಕಣ್ಣು ಹಾಯಿಸಿ: 6. ಆದರೆ ಅದು ಆರೋ, ಅರವತ್ತೋ, ಆರುನೂರೋ, ಪಟ್ಟಿ ಹೇಳುವುದಿಲ್ಲ. ಅದು ನಿಮ್ಮ ತಲೆಯಲ್ಲಿರಬೇಕು. ಈಗಿನ ಮಕ್ಕಳ ಕೈಗೆ ಇದನ್ನು ಕೊಡಬೇಕೆಂದು ನನಗೆ ಅನಿಸುವುದು ಇದಕ್ಕೇ.

ನಮ್ಮ ಆಟಿಯ ಮಳೆಗೆ ಮರ ಉಬ್ಬುತ್ತದೆ, ಪೆಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ. ಜಪಾನಿನ ಹೆಮ್ಮಿ ಕಂಪನಿ ಬಿದಿರಿನಲ್ಲಿ ಮಾಡಿದವು ತೇವಕ್ಕೆ ಅಷ್ಟು ಜಗ್ಗುವುದಿಲ್ಲ, ಅಂಥದ್ದು ಸಿಕ್ಕಿದರೆ ಬಿಡಬೇಡಿ. ಸೆಲ್ಯುಲಾಯ್ಡ್ ಹೊದಿಕೆ ಹಳದಿಯಾದರೆ ಚಿಂತೆಯಿಲ್ಲ. ಬಿರುಕು ಬಿಟ್ಟು, ಅಂಟಂಟಾಗಿ, ಕಟು ವಾಸನೆ ಹೊಡೆದರೆ ಬೇರೆಯೇ ಇಡಿ. ಅದರ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ, ಬೆಂಕಿಯಂತೂ ಹತ್ತಿರ ಸುಳಿಯಬಾರದು. ಪಟ್ಟಿ ಬಿಗಿಯಾದರೆ ಸ್ವಲ್ಪ ಮೇಣ ಸವರಿ. ದಯವಿಟ್ಟು ತೆಂಗಿನೆಣ್ಣೆ ಹಾಕಬೇಡಿ. ನಮ್ಮವರು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ.

ಎರಡನೆಯದಾಗಿ ಹುಡುಕಬೇಕಾದ್ದು ಹಿಡಿಕೆ ತಿರುಗಿಸುವ ಓಡ್ನರ್ ಮಾದರಿಯ ಲೆಕ್ಕಯಂತ್ರ. 34ನ್ನು 12ರಿಂದ ಗುಣಿಸಬೇಕೆ? ಸನ್ನೆಗಳಲ್ಲಿ 34 ಇಟ್ಟು ಎರಡು ಸುತ್ತು, ಉತ್ತರದ ಅಂಕಿಗಳಿರುವ ಜಾರುವ ಭಾಗವನ್ನು, ಅಂದರೆ ಗಾಡಿಯನ್ನು, ಒಂದು ಮನೆ ಸರಿಸಿ ಒಂದು ಸುತ್ತು: 408. ಭಾಗಾಕಾರದ ಗಮ್ಮತ್ತು ಬೇರೆ. ಅದನ್ನು ಮತ್ತೆ 34ರಿಂದ ಭಾಗಿಸಲು, 408 ಇರುವಾಗಲೇ, ಅದೇ ಹತ್ತರ ಮನೆಯಲ್ಲಿ ಹಿಂದಕ್ಕೆ ತಿರುಗಿಸಿ. ಒಂದು ಸುತ್ತಿಗೆ 68 ಉಳಿಯಿತು. ಇನ್ನೊಂದು ಸುತ್ತಿದರೆ ಅಂಕಿಗಳೆಲ್ಲ ಸೊನ್ನೆಯಿಂದ ಕೆಳಗಿಳಿದು ಎಡಗಡೆ ಸಾಲಾಗಿ ಒಂಬತ್ತುಗಳು ಬಂದು ‘ಟಿಣ್’ ಎಂದು ಗಂಟೆ ಬಾರಿಸುತ್ತದೆ. ಹೆಚ್ಚಾಯಿತು ಎಂದರ್ಥ. ಒಂದು ಸುತ್ತು ಮುಂದಕ್ಕೆ ಬಂದು ಸರಿಪಡಿಸಿ, ಗಾಡಿ ಸರಿಸಿ, ಮತ್ತೆ ಹಿಂದಕ್ಕೆ ಎರಡು ಸುತ್ತು. ಉಳಿದದ್ದು ಸೊನ್ನೆ. ಹತ್ತರ ಮನೆಯಲ್ಲಿ ಒಂದು ಸುತ್ತು, ಬಿಡಿಯಲ್ಲಿ ಎರಡು: ಉತ್ತರ 12.

ಇಂಥ ಯಂತ್ರ ಸಿಕ್ಕಿ ಹಿಡಿಕೆ ಅಲ್ಲಾಡದಿದ್ದರೆ ಬಲ ಹಾಕಬೇಡಿ, ಹಲ್ಲು ಮುರಿದೀತು. ಗಾಡಿ ಅರ್ಧದಲ್ಲಿ ನಿಂತಿದೆಯೇ ನೋಡಿ, ಸರಿಯಾದ ಮನೆಯಲ್ಲಿ ಕೂರಿಸಿ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಟ್ಟು ಮರುದಿನದ ತನಕ ಹಾಗೇ ಇರಲಿ. ಆಮೇಲೆ ಮೆಲ್ಲನೆ ತಿರುಗಿಸಿ ನೋಡಿ.

ನಮಸ್ಕಾರ.