ಏಣಿ ಇಡುವ ಮೊದಲು: ಸಿಸಿಟಿವಿ ಅಳವಡಿಸುವವರ ಸುರಕ್ಷತೆ

ಕೇಳುಗರಿಗೆ ನಮಸ್ಕಾರ.

ತುಮಕೂರಿನ ಮಂಡಿಪೇಟೆಯಲ್ಲಾಗಲಿ, ಎಂ.ಜಿ. ರಸ್ತೆಯಲ್ಲಾಗಲಿ ಇಂದು ಸಿಸಿಟಿವಿ ಕ್ಯಾಮೆರಾ ಇಲ್ಲದ ಅಂಗಡಿ ಸಿಗುವುದು ಅಪರೂಪ. ಅಂತರಸನಹಳ್ಳಿಯ ಮಾರುಕಟ್ಟೆ ಪ್ರಾಂಗಣ, ವಸಂತನರಸಾಪುರದ ಕಾರ್ಖಾನೆಗಳು, ತಿಪಟೂರಿನ ಕೊಬ್ಬರಿ ಗೋದಾಮುಗಳು, ಕಲ್ಯಾಣ ಮಂಟಪಗಳು, ಈಚೆಗೆ ತೋಟದ ಮನೆಗಳು ಕೂಡ ಕ್ಯಾಮೆರಾ ಹಾಕಿಸಿಕೊಳ್ಳುತ್ತಿವೆ. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮವೂ ಹೇಳುತ್ತದೆ. ಈ ಬೇಡಿಕೆಯಿಂದಾಗಿ ಐಟಿಐ ಮುಗಿಸಿದವರು, ಕೇಬಲ್ ಟಿವಿ ಕೆಲಸದಲ್ಲಿದ್ದವರು, ಮನೆ ವೈರಿಂಗ್ ಮಾಡುತ್ತಿದ್ದವರು ಇಬ್ಬಿಬ್ಬರಾಗಿ, ಮೂವರಾಗಿ ಸೇರಿ ಈ ಕಸುಬಿಗೆ ಇಳಿದಿದ್ದಾರೆ. ಒಂದು ಏಣಿ, ಒಂದು ಡ್ರಿಲ್, ಬೈಕಿನ ಹಿಂದೆ ಕಟ್ಟಿದ ಕೇಬಲ್ ಸುರುಳಿ, ಇಷ್ಟೇ ಇವರ ಬಂಡವಾಳ. ಇವರು ಕೆಲಸ ಆರಂಭಿಸುವ ಮೊದಲು ಮಾಡಿಕೊಳ್ಳಬೇಕಾದ ಅಪಾಯದ ಪರಿಶೀಲನೆಯ ಕುರಿತು ನಾನು ಇಂದು ಮಾತನಾಡುತ್ತೇನೆ.

ಬ್ರಿಟನ್ನಿನಲ್ಲಿ 1999ರ ನಿಯಮಗಳ ಪ್ರಕಾರ ಪ್ರತಿಯೊಬ್ಬ ಉದ್ಯೋಗದಾತನೂ ಕೆಲಸದ ಅಪಾಯಗಳನ್ನು ಮುಂಚಿತವಾಗಿ ಅಂದಾಜು ಮಾಡಬೇಕು. ಐದು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅದನ್ನು ಬರೆದಿಡಬೇಕು. ನಮ್ಮ ದೇಶದಲ್ಲಿ ಉದ್ಯೋಗದ ಸ್ಥಳವನ್ನು ಅಪಾಯಮುಕ್ತವಾಗಿ ಇಡಬೇಕಾದ ಹೊಣೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಉದ್ಯೋಗದಾತನ ಮೇಲೆ ಹೊರಿಸಿದೆ. ಆದರೆ ಅದು ಮುಖ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳನ್ನು ಕುರಿತದ್ದು. ಇಬ್ಬರು ಹುಡುಗರ ತಂಡದ ಬಳಿ ಬಂದು ಕಾಗದ ತೋರಿಸಿ ಎಂದು ಕೇಳುವವರು ಇಲ್ಲವೆಂದೇ ಹೇಳಬೇಕು. ಹಾಗಾಗಿ ಈ ಪರಿಶೀಲನೆ ನಡೆಯುವುದಾದರೆ ಅದು ಆ ಹುಡುಗರ ಮತ್ತು ಅವರನ್ನು ಕರೆಸಿದ ಮಾಲೀಕರ ಸ್ವಂತ ತಿಳಿವಳಿಕೆಯಿಂದಲೇ ನಡೆಯಬೇಕು.

ದೊಡ್ಡ ಕಂಪನಿಗಳ ನಮೂನೆಗಳಲ್ಲಿ ಅಪಾಯದ ತೀವ್ರತೆಗೆ ಒಂದರಿಂದ ಐದರವರೆಗೆ ಅಂಕ, ಸಂಭವಕ್ಕೆ ಇನ್ನೊಂದು ಅಂಕ ಕೊಟ್ಟು, ಎರಡನ್ನೂ ಗುಣಿಸಿ, ಬಂದ ಮೊತ್ತಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚುವ ಪದ್ಧತಿಯಿದೆ. ಸಣ್ಣ ತಂಡಕ್ಕೆ ಇದು ಅನಗತ್ಯವೆಂಬುದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಕುಳಿತು ತುಂಬಿದ ಅಂಕಗಳಿಗಿಂತ, ಏಣಿಯನ್ನು ಬೈಕಿನಿಂದ ಇಳಿಸುವ ಮೊದಲು ಕಟ್ಟಡವನ್ನು ಒಂದು ಸುತ್ತು ಹಾಕಿ, ಕಂಡದ್ದನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳುವುದು ಹೆಚ್ಚು ಉಪಯುಕ್ತ. ಆದರೆ ಹಾಗೆ ಬರೆದದ್ದು ಕೆಲಸವನ್ನು ಬದಲಾಯಿಸುವಂತಿರಬೇಕು. ಕ್ಯಾಮೆರಾದ ಜಾಗ, ಕೆಲಸದ ಸಮಯ, ಒಪ್ಪಿಕೊಂಡ ಹಣ, ಇವುಗಳಲ್ಲಿ ಯಾವುದನ್ನೂ ಮುಟ್ಟದ ಪರಿಶೀಲನೆಯಿಂದ ಯಾರ ಜೀವವೂ ಉಳಿಯುವುದಿಲ್ಲ.

ಕ್ಯಾಮೆರಾದ ಜಾಗದಿಂದಲೇ ಆರಂಭಿಸುತ್ತೇನೆ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕಾಗಿಯೇ ಇರುವ 2005ರ ನಿಯಮಗಳು ಮೊದಲು ಕೇಳುವ ಪ್ರಶ್ನೆ, ಆ ಎತ್ತರಕ್ಕೆ ಹತ್ತದೆ ಕೆಲಸ ಮಾಡಲು ಸಾಧ್ಯವೇ ಎಂಬುದು. ನಮ್ಮಲ್ಲಿ ಅಂಗಡಿಯ ಮಾಲೀಕರು ಕಳ್ಳರ ಕೈಗೆ ಸಿಗಬಾರದೆಂದು ಕ್ಯಾಮೆರಾವನ್ನು ಎರಡನೆಯ ಮಹಡಿಯ ಸಜ್ಜಾಕ್ಕೆ ಹಾಕಲು ಹೇಳುತ್ತಾರೆ. ಅಷ್ಟು ಎತ್ತರದಿಂದ ಕೆಳಗೆ ನೋಡುವ ಕ್ಯಾಮೆರಾಕ್ಕೆ ಹತ್ತಿರ ಬಂದವರ ನೆತ್ತಿ ಮತ್ತು ಟೋಪಿ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಮುಖ ಗುರುತಿಸುವ ಉದ್ದೇಶಕ್ಕೆ ಎಂಟರಿಂದ ಹನ್ನೊಂದು ಅಡಿಯ ಎತ್ತರವೇ ಸೂಕ್ತ. ಅಲ್ಲದೆ ಕ್ಯಾಮೆರಾ ಹಾಕಿದ ದಿನಕ್ಕೆ ಏಣಿಯ ಕೆಲಸ ಮುಗಿಯುವುದಿಲ್ಲ. ರಾತ್ರಿ ಕ್ಯಾಮೆರಾದ ಸುತ್ತ ಹುಳುಗಳು ಸೇರುತ್ತವೆ, ಅವುಗಳಿಗಾಗಿ ಜೇಡ ಬಲೆ ಕಟ್ಟುತ್ತದೆ, ಗಾಜಿನ ಮೇಲೆ ಧೂಳು ಕೂರುತ್ತದೆ, ಅಡಾಪ್ಟರ್ ಸುಡುತ್ತದೆ. ಆಗೆಲ್ಲ ಯಾರಾದರೂ ಮತ್ತೆ ಹತ್ತಲೇಬೇಕು. ಇಪ್ಪತ್ತೈದು ಅಡಿಯ ಜಾಗವನ್ನು ಹತ್ತು ಅಡಿಗೆ ಇಳಿಸಿದರೆ ಮುಂದಿನ ಅಷ್ಟೂ ವರ್ಷಗಳ ಅಪಾಯ ಒಂದೇ ಮಾತಿನಲ್ಲಿ ಕಡಿಮೆಯಾಗುತ್ತದೆ. ಮಾಲೀಕರಿಗೆ ಇದನ್ನು ಮೊಬೈಲಿನಲ್ಲಿ ಎರಡೂ ಎತ್ತರದ ಚಿತ್ರ ತೋರಿಸಿ ವಿವರಿಸಿದರೆ ಬಹುಪಾಲು ಜನ ಒಪ್ಪುತ್ತಾರೆ.

ಹತ್ತಲೇಬೇಕಾದಾಗ ಏಣಿಯ ಬುಡವನ್ನು ಮೊದಲು ನೋಡಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರವಿರಬೇಕು. ಹನ್ನೆರಡು ಅಡಿಯಲ್ಲಿ ಒರಗುವ ಏಣಿಯ ಬುಡ ಮೂರು ಅಡಿ ಆಚೆಗೆ ಬರುತ್ತದೆ. ತಾರಸಿಗೆ ಹತ್ತುವುದಾದರೆ ಏಣಿಯ ತುದಿ ಪ್ಯಾರಾಪೆಟ್ ಗೋಡೆಗಿಂತ ಮೂರು ಅಡಿ ಮೇಲಿರಬೇಕು ಮತ್ತು ಹಗ್ಗದಿಂದ ಬಿಗಿದಿರಬೇಕು. ನಮ್ಮ ಊರಿನ ಅಂಗಡಿಗಳ ಮುಂದೆ ಚಪ್ಪಡಿ ಕಲ್ಲು ಹಾಸಿರುವುದು ಸಾಮಾನ್ಯ. ಬೆಳಿಗ್ಗೆ ಬಾಗಿಲು ತೊಳೆದ ನೀರು ಇನ್ನೂ ಆರಿರದ ಆ ಕಲ್ಲಿನ ಮೇಲೆ, ರಬ್ಬರ್ ಬೂಟು ಸವೆದುಹೋದ ಅಲ್ಯೂಮಿನಿಯಂ ಏಣಿಯನ್ನು ಇಟ್ಟರೆ, ಮೇಲಿನವನು ಡ್ರಿಲ್ಲನ್ನು ಗೋಡೆಗೆ ಒತ್ತಿದ ಬಲಕ್ಕೇ ಬುಡ ಹಿಂದಕ್ಕೆ ಜಾರುತ್ತದೆ. ಕೆಳಗೆ ಹಿಡಿದವನು ಕೇಬಲ್ ತರಲು ಹೋದ ಅರ್ಧ ನಿಮಿಷ ಇದಕ್ಕೆ ಸಾಕು. ಹ್ಯಾಮರ್ ಡ್ರಿಲ್ಲಿಗೆ ಎರಡೂ ಕೈ ಬೇಕು, ಏಣಿಗೆ ಒಂದು ಕೈ ಬೇಕು. ಈ ಲೆಕ್ಕ ಹೊಂದುವುದಿಲ್ಲವಾದ್ದರಿಂದ ಗೋಡೆ ಕೊರೆಯುವ ಕೆಲಸಕ್ಕೆ ಸ್ಟೇಜಿಂಗ್, ಅಂದರೆ ನಿಂತು ಕೆಲಸ ಮಾಡುವ ಅಟ್ಟಣೆ, ಬಾಡಿಗೆಗೆ ತರುವುದು ಸರಿಯಾದ ಕ್ರಮ. ಆ ಬಾಡಿಗೆಯನ್ನು ಕೊಟೇಶನ್ನಿನಲ್ಲಿಯೇ ಪ್ರತ್ಯೇಕವಾಗಿ ಬರೆಯಬೇಕು. ಕ್ಯಾಮೆರಾ ಒಂದಕ್ಕೆ ಇಷ್ಟು ಎಂದು ಮಾತ್ರ ದರ ಹೇಳುವ ಈಗಿನ ರೂಢಿಯಲ್ಲಿ ಉಳಿಯುವ ಪ್ರತಿ ರೂಪಾಯಿಯೂ ಅವಸರದಿಂದಲೇ ಉಳಿಯುತ್ತದೆ. ಈ ರೂಢಿ ಬದಲಾಗಬೇಕೆಂದು ನಾನು ಬಲವಾಗಿ ಬಯಸುತ್ತೇನೆ.

ಸೇಫ್ಟಿ ಬೆಲ್ಟ್ ಹಾಕಿಕೊಂಡರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಐಎಸ್ 3521 ಎಂಬ ಭಾರತೀಯ ಮಾನಕದ ಗುರುತಿನ, ಇಡೀ ಮೈಗೆ ಹಾಕುವ ಬೆಲ್ಟ್ ಒಳ್ಳೆಯದೇ. ಆದರೆ ಅದರ ಹಗ್ಗದ ಉದ್ದ ಸುಮಾರು 1.8 ಮೀಟರ್, ಬಿದ್ದಾಗ ಆಘಾತ ತಡೆಯುವ ಪಟ್ಟಿ ಬಿಚ್ಚಿಕೊಂಡು ಇನ್ನೂ ಒಂದೂವರೆ ಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ಅದರ ಕೆಳಗೆ ಮನುಷ್ಯನ ಮೈಯುದ್ದವಿದೆ. ಹೀಗಾಗಿ ಕೊಕ್ಕೆ ಸಿಕ್ಕಿಸಿದ ಜಾಗದ ಕೆಳಗೆ ಸುಮಾರು ಆರು ಮೀಟರ್, ಅಂದರೆ ಇಪ್ಪತ್ತು ಅಡಿ ಖಾಲಿ ಇಲ್ಲದಿದ್ದರೆ ಬೆಲ್ಟ್ ಹಿಡಿಯುವ ಮೊದಲೇ ನೆಲ ಬಂದಿರುತ್ತದೆ. ಹನ್ನೆರಡು ಅಡಿಯ ಕೆಲಸದಲ್ಲಿ ಅಂಚಿನವರೆಗೆ ಹೋಗಲೂ ಬಿಡದಷ್ಟು ಗಿಡ್ಡ ಹಗ್ಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೊಕ್ಕೆಯನ್ನು ಪಿವಿಸಿ ಪೈಪಿಗೋ ಕಿಟಕಿಯ ಗ್ರಿಲ್ಲಿಗೋ ಸಿಕ್ಕಿಸುವುದಂತೂ ಕೂಡದು. ಬೆಲ್ಟಿನಲ್ಲಿ ನೇತಾಡುತ್ತಿರುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು. ಆದ್ದರಿಂದ ಇಳಿಸುವವರು ಯಾರು, ಹೇಗೆ ಇಳಿಸುತ್ತಾರೆ ಎಂಬುದೂ ಆ ಹಾಳೆಯಲ್ಲಿರಬೇಕು.

ಗೋದಾಮು ಮತ್ತು ಕಾರ್ಖಾನೆಗಳ ಸಿಮೆಂಟ್ ಶೀಟಿನ ಸೂರಿನ ವಿಷಯದಲ್ಲಿ ರಾಜಿಯೇ ಇರಬಾರದು. ಹಳೆಯ ಶೀಟು ಬಿಸಿಲು ಮಳೆಗೆ ಪೆಡಸಾಗಿ, ನೋಡಲು ಗಟ್ಟಿಯಾಗಿದ್ದರೂ ಕಾಲಿಟ್ಟೊಡನೆ ಮುರಿಯುತ್ತದೆ. ಮೊಳೆ ಹೊಡೆದ ಸಾಲಿನ ಮೇಲೆ ಕಾಲಿಟ್ಟು ನಡೆದರೆ ಏನೂ ಆಗುವುದಿಲ್ಲವೆಂದು ಹಳಬರು ಹೇಳಿಕೊಡುವುದುಂಟು, ಆದರೆ ಒಂದು ಹೆಜ್ಜೆ ತಪ್ಪಿದರೆ ಕೆಳಗೆ ಯಂತ್ರವೋ ಕಾಂಕ್ರೀಟ್ ನೆಲವೋ ಇರುತ್ತದೆ. ಕೇಬಲನ್ನು ಒಳಗೆ ಸೂರನ್ನು ಹೊತ್ತ ಟ್ರಸ್ಸಿನ ಚೌಕಟ್ಟಿನ ಮೇಲೆ ಎಳೆದರೆ ಸೂರಿಗೆ ಹತ್ತುವ ಅಗತ್ಯವೇ ಬಾರದು. ಆ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವುದರಿಂದ ಅವುಗಳನ್ನು ಕೊರೆಯಲೂಬಾರದು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಕಾಯಿಲೆ ಕಾಣಿಸಿಕೊಳ್ಳುವುದು ಹಲವು ವರ್ಷಗಳ ನಂತರ, ಆಗ ಅದಕ್ಕೆ ಕಾರಣವಾದ ಕೆಲಸ ಯಾವುದೆಂದು ನೆನಪೂ ಇರುವುದಿಲ್ಲ. ಕಾಂಕ್ರೀಟು ಮತ್ತು ಕಲ್ಲಿನ ಗೋಡೆ ಕೊರೆಯುವಾಗ ಏಳುವ ಸಿಲಿಕಾ ಧೂಳಿಗೂ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಮತ್ತು ಕನ್ನಡಕ ಬೇಕು.

ಇನ್ನು ವಿದ್ಯುತ್ತು. ಕ್ಯಾಮೆರಾಕ್ಕೆ ಹೋಗುವುದು 12 ವೋಲ್ಟ್, ನೆಟ್‌ವರ್ಕ್ ಕೇಬಲಿನಲ್ಲಿಯೇ ಕರೆಂಟು ಹೋಗುವ ಬಗೆಯಾದರೆ ಸುಮಾರು 48 ವೋಲ್ಟ್. ಹೀಗಾಗಿ ಇದು ಶಾಕ್ ಹೊಡೆಯದ ಕೆಲಸವೆಂಬ ಭಾವನೆ ಬೆಳೆದಿದೆ. ಆದರೆ ಪವರ್ ಸಪ್ಲೈ ಪೆಟ್ಟಿಗೆಯೊಳಗೆ 230 ವೋಲ್ಟ್ ಇದೆ, ಕೈಯಲ್ಲಿರುವ ಡ್ರಿಲ್ಲಿನಲ್ಲೂ ಇದೆ, ಕೊರೆಯುವ ಗೋಡೆಯೊಳಗಿನ ಪೈಪಿನಲ್ಲೂ ಇರಬಹುದು. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬಾರದು. ಮೇನ್ ಸ್ವಿಚ್ ಆರಿಸಿದ ನಂತರವೂ ಮನೆ ಅಂಗಡಿಗಳ ಯುಪಿಎಸ್ ತನ್ನ ಲೈನುಗಳಿಗೆ ಕರೆಂಟು ಕೊಡುತ್ತಲೇ ಇರುತ್ತದೆ ಎಂಬುದನ್ನು ಎಷ್ಟೋ ಮಂದಿ ಅನುಭವಸ್ಥರೂ ಮರೆಯುತ್ತಾರೆ. ಅದನ್ನೂ ಆರಿಸಿ, ಮೀಟರ್ ಹಿಡಿದು ನೋಡಿದ ನಂತರವೇ ವೈರನ್ನು ಮುಟ್ಟಬೇಕು. ಡ್ರಿಲ್ಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ತಾನಾಗಿ ಆರುವ ಸ್ವಿಚ್, ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಿದರೆ ಶಾಕಿನಿಂದ ಜೀವ ಹೋಗುವ ಸಂಭವ ಬಹಳಷ್ಟು ಕಡಿಮೆಯಾಗುತ್ತದೆ.

ಕಟ್ಟಡದ ಪಕ್ಕದ ವಿದ್ಯುತ್ ತಂತಿ ಇದಕ್ಕಿಂತಲೂ ಭೀಕರ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ನಡುವೆ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕೆಂಬುದು ನಿಯಮ. ಆ ಅಂತರ ಸರಿಯಾಗಿಯೇ ಇದ್ದರೂ ಅದು ನಾಲ್ಕು ಅಡಿ ಮಾತ್ರ. ಸಜ್ಜಾದ ಮೇಲೆ ನಿಂತವನು ಕೇಬಲ್ ಎಳೆಯುವ ಸ್ಟೀಲ್ ಸ್ಪ್ರಿಂಗನ್ನು ಬೀಸಿದರೆ, ಕಬ್ಬಿಣದ ಪೈಪನ್ನು ತಿರುಗಿಸಿದರೆ ತಂತಿಗೆ ತಗಲುತ್ತದೆ. ಹೈ ಟೆನ್ಷನ್ ತಂತಿಯ ತೀರ ಸಮೀಪಕ್ಕೆ ಹೋದರೆ ಮುಟ್ಟದಿದ್ದರೂ ಕಿಡಿ ಹಾರುತ್ತದೆ. ಅಲ್ಯೂಮಿನಿಯಂ ಏಣಿ ಯಾವ ಕಡೆ ವಾಲಿ ಬಿದ್ದರೂ ತಂತಿಯನ್ನು ತಲುಪದಷ್ಟು ದೂರವಿದ್ದರೆ ಮಾತ್ರ ಅದನ್ನು ಎತ್ತಿ ನಿಲ್ಲಿಸಬೇಕು. ಇಲ್ಲವಾದರೆ ಜಾಗ ಬದಲಿಸಬೇಕು, ಅಥವಾ ಬೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿಕೊಂಡು ಕೆಲಸ ಮಾಡಬೇಕು. ಅರ್ಜಿಗೆ ನಾಲ್ಕು ದಿನ ಹಿಡಿದರೂ ಕೆಲಸ ನಾಲ್ಕು ದಿನ ತಡವಾಗಲಿ.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ನಂತರ ದಿಢೀರನೆ ಗುಡುಗು ಸಿಡಿಲು ಬರುತ್ತದೆ. ತಾರಸಿ ಮತ್ತು ಕಂಬದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳುವುದು ಮೇಲು. ಗುಡುಗು ಕೇಳಿದೊಡನೆ ಇಳಿದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ನೀರಿನ ಟ್ಯಾಂಕು, ಎತ್ತರದ ಸಜ್ಜಾಗಳ ಅಡಿ ಹೆಜ್ಜೇನು ಕಟ್ಟಿದೆಯೇ ಎಂದು ಮೊದಲೇ ನೋಡಬೇಕು. ಡ್ರಿಲ್ಲಿನ ಅದುರುವಿಕೆಗೆ ಹೆಜ್ಜೇನು ಎದ್ದರೆ ಏಣಿಯ ಮೇಲಿರುವವನಿಗೆ ಓಡಲು ದಾರಿಯೇ ಇರುವುದಿಲ್ಲ.

ಅನಾಹುತವಾದರೆ ಏನು ಮಾಡಬೇಕೆಂಬುದು ಕೂಡ ಪರಿಶೀಲನೆಯ ಭಾಗ. ಶಾಕ್ ಹೊಡೆದವನನ್ನು ಮುಟ್ಟುವ ಮೊದಲು ಕರೆಂಟು ಆರಿಸಬೇಕು; ಮೇನ್ ಸ್ವಿಚ್ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಬೇಕು. ಬಿದ್ದವನ ಕುತ್ತಿಗೆ, ಬೆನ್ನನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು, ಆಟೋದಲ್ಲಿ ಮಡಿಚಿ ಕೂರಿಸಿಕೊಂಡು ಹೋಗಬಾರದು. ಹತ್ತಿರದ ಬಿದ್ದ ತಂತಿಯ ಬಗ್ಗೆ ಬೆಸ್ಕಾಂನ 1912ಕ್ಕೆ ತಿಳಿಸಬೇಕು. ಇಎಸ್‌ಐ ವ್ಯಾಪ್ತಿಗೆ ಬಾರದ ಸಣ್ಣ ತಂಡದವರು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ. 18ರಿಂದ 70 ವರ್ಷದೊಳಗಿನ, ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಇರುವ ಯಾರಾದರೂ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಸಂಭವಿಸಿದಾಗ 2 ಲಕ್ಷ ರೂಪಾಯಿ ಸಿಗುತ್ತದೆ. ವಿಮೆಯ ಅವಧಿ ಜೂನ್ 1ರಿಂದ ಮೇ 31ರವರೆಗೆ ಇರುವುದರಿಂದ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಬೇಕು.

ಕ್ಯಾಮೆರಾ ಹಾಕಿಸುವ ಮಾಲೀಕರಲ್ಲಿ ಒಂದು ಕೋರಿಕೆ ಇದೆ. ಮುಂದಿನ ಬಾರಿ ಕೊಟೇಶನ್ ತಂದವರನ್ನು ದರ ಕೇಳುವ ಮೊದಲು, ಯಾವ ಜಾಗಕ್ಕೆ ಹೇಗೆ ಹತ್ತುತ್ತೀರಿ, ಎಷ್ಟು ಜನ ಬರುತ್ತೀರಿ ಎಂದು ಕೇಳಿ. ಜಾಗ ಸರಿಯಿಲ್ಲ, ಕೆಳಗೆ ಹಾಕೋಣ ಎಂದು ಅವರು ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಿ. ನಮಸ್ಕಾರ.